ಬಿರುಗಾಳಿ ಬಳಗದ ಪ್ಲಾಸ್ಟರ್ ಅಕ್ಕ

ಸರ್ಕಾರಿ ಆಸ್ಪತ್ರೆಯ ನೆಲಮಹಡಿಯಲ್ಲಿ, ಎಕ್ಸ್‌ರೇ ಕೋಣೆ ದಾಟಿದ ಮೇಲೆ, ಬಾಗಿಲಿನ ಹಿಡಿ ಸದಾ ಬೆಳ್ಳಗಿರುವ ಒಂದು ಕೋಣೆ ಇದೆ. ಇಪ್ಪತ್ತೆರಡು ವರ್ಷಗಳಿಂದ ಅಲ್ಲಿ ಮುರಿದ ಕೈಕಾಲುಗಳಿಗೆ ಪ್ಲಾಸ್ಟರ್ ಹಾಕುತ್ತಿರುವವರು ಪ್ಲಾಸ್ಟರ್ ಅಕ್ಕ. ಅವರಿಗೆ ಬೇರೆ ಹೆಸರೂ ಇದೆ. ಹಾಜರಿ ಪುಸ್ತಕ ಬಿಟ್ಟರೆ ಬೇರೆಲ್ಲೂ ಅದನ್ನು ಯಾರೂ ಬಳಸಿದ್ದು ನನಗೆ ಗೊತ್ತಿಲ್ಲ. ವಾಚಿನ ಪಟ್ಟಿಯ ಮೇಲೋ, ಕಿವಿಯ ಹಿಂದೆಯೋ, ಚಪ್ಪಲಿಯ ಉಂಗುಟದಲ್ಲೋ ಒಂದು ಬಿಳಿ ಚುಕ್ಕೆ ಇಲ್ಲದ ಅಕ್ಕನನ್ನು ನೋಡಿದವರಿಲ್ಲ.

ಅವರ ರೇಸ್ ಸೈಕಲ್ ಕೂಡ ಆ ಕೋಣೆಯ ಕೊಡುಗೆಯೇ. ಕಾಲು ಮುರಿದುಕೊಂಡು ಬಂದಿದ್ದ ಕಾಲೇಜು ಮೇಷ್ಟ್ರೊಬ್ಬರು ಪ್ಲಾಸ್ಟರ್ ಬಿಚ್ಚಿಸಿಕೊಂಡ ದಿನವೇ, "ಆ ದರಿದ್ರ ಸೈಕಲ್ ಮುಖ ನೋಡೋಕೂ ಇಷ್ಟ ಇಲ್ಲ, ನೀವೇ ತಗೊಂಡು ಹೋಗಿ" ಎಂದು ಕೊಟ್ಟುಬಿಟ್ಟರು. ಅಕ್ಕ ಅದನ್ನು ಮನೆಗೆ ತಂದರು. ಅವರ ಯಜಮಾನರು ದರ್ಜಿ. ಅವರಿಂದ ಅಂಗಿಯ ಬೆನ್ನಿಗೆ ಮೂರು ಜೇಬು ಹೊಲಿಸಿಕೊಂಡರು. ಒಂದರಲ್ಲಿ ನೀರು, ಒಂದರಲ್ಲಿ ಬಾಳೆಹಣ್ಣು, ಮೂರನೆಯದರಲ್ಲಿ ಬ್ಯಾಂಡೇಜಿನ ಸುರುಳಿ. ಹೀಗೆ ಸಜ್ಜಾಗಿ, ಐವತ್ತಕ್ಕೆ ಒಂದು ವರ್ಷ ಬಾಕಿ ಇರುವಾಗ ನಮ್ಮ ಬಿರುಗಾಳಿ ಬಳಗ ಸೇರಿದರು.

ಬಿರುಗಾಳಿ ಬಳಗ ಎಂದರೆ ಭಾನುವಾರ ಬೆಳಿಗ್ಗೆ ಆರಕ್ಕೆ ಸೇತುವೆಯ ಹತ್ತಿರ ಸೇರುವ ಹನ್ನೆರಡು ಜನ. ಒಬ್ಬರ ಚಕ್ರದ ಹಿಂದೆ ಒಂದು ಗೇಣು ಬಿಟ್ಟು ಇನ್ನೊಬ್ಬರ ಚಕ್ರ. ಸರದಿಯಂತೆ ಮುಂದೆ ಬಂದವರು ಗಾಳಿ ಸೀಳುತ್ತಾರೆ, ಹಿಂದಿನವರು ಆ ಮರೆಯಲ್ಲಿ ಅರ್ಧ ಶ್ರಮಕ್ಕೇ ಅಷ್ಟೇ ಜೋರಾಗಿ ಹೋಗುತ್ತಾರೆ. ಆದರೆ ಹಿಂದಿನವರಿಗೆ ರಸ್ತೆ ಕಾಣುವುದಿಲ್ಲ, ಕಾಣುವುದು ಮುಂದಿನವರ ಹಿಂಭಾಗ ಮಾತ್ರ. ಆದ್ದರಿಂದ ಮುಂದಿದ್ದವರು ಗುಂಡಿ ಕಂಡರೆ ಕೂಗಬೇಕು, ಕೈ ಇಳಿಸಿ ತೋರಿಸಬೇಕು, ಉಳಿದವರು ಅದನ್ನು ಒಬ್ಬೊಬ್ಬರಾಗಿ ಬಾಲದವರೆಗೆ ದಾಟಿಸಬೇಕು. ನಿಯಮ ಇಷ್ಟೇ, ಚಿಕ್ಕ ಮಗುವಿಗೂ ಅರ್ಥವಾಗುವಂಥದ್ದು. ಹಾಗಾಗಿಯೇ ನಮಗೆ ಅರ್ಥವಾಗುತ್ತಿರಲಿಲ್ಲ.

ಬಳಗದ ನಾಯಕರು ಹಲ್ಲಿನ ಡಾಕ್ಟರು. ವಾರವಿಡೀ 'ಆ ಅನ್ನಿ' ಎಂದು ಇನ್ನೊಬ್ಬರ ಬಾಯಿ ತೆರೆಸುವ ಅವರಿಗೆ ಭಾನುವಾರ ಮಾತ್ರ ಯಾರೂ ಬಾಯಿ ತೆರೆಯಬಾರದು. ಕೂಗಿದರೆ ಉಸಿರು ಹಾಳು, ಕೈ ಬಿಟ್ಟರೆ ವೇಗ ಹಾಳು ಎಂಬುದು ಅವರ ಸಿದ್ಧಾಂತ. ನಮ್ಮಲ್ಲಿದ್ದ ವಕೀಲರು ಅದಕ್ಕೆ ಕಾನೂನಿನ ಬಲವನ್ನೂ ಕೊಟ್ಟಿದ್ದರು: ಒಂದು ಗುಂಡಿ ತೋರಿಸಿದರೆ, ತೋರಿಸದೆ ಬಿಟ್ಟ ಗುಂಡಿಗಳಿಗೆಲ್ಲ ನಾವೇ ಹೊಣೆಯಾಗುತ್ತೇವಂತೆ. ಇನ್ನು ನಾನು ಬೋರ್ಡು ಬರೆಯುವವನು. 'ಮುಂದೆ ತಿರುವು ಇದೆ, ನಿಧಾನವಾಗಿ ಚಲಿಸಿ' ಎಂದು ಆ ರಸ್ತೆಯ ಹಳದಿ ಫಲಕಗಳಲ್ಲಿ ಇರುವುದು ನನ್ನದೇ ಅಕ್ಷರ. ಅವುಗಳ ಮುಂದೆಯೇ ತಲೆ ಬಗ್ಗಿಸಿಕೊಂಡು ಗಂಟೆಗೆ ಮೂವತ್ತೆಂಟು ಕಿಲೋಮೀಟರ್ ವೇಗದಲ್ಲಿ ಹೋಗುತ್ತಿದ್ದೆ, ಒಂದು ಚೂರೂ ನಾಚಿಕೆಯಿಲ್ಲದೆ.

ಅಕ್ಕ ಒಬ್ಬರೇ ಕೂಗುತ್ತಿದ್ದರು. "ಗುಂಡಿ, ಎಡಕ್ಕೆ!" "ಹಿಂದೆ ಲಾರಿ!" "ನಿಲ್ತಾ ಇದೀನಿ, ಬ್ರೇಕ್ ಗಬಕ್ಕನೆ ಹಿಡೀಬೇಡಿ!" ಆಸ್ಪತ್ರೆಯ ಕಾರಿಡಾರಿನಲ್ಲಿ ಸ್ಟ್ರೆಚರಿಗೆ ದಾರಿ ಬಿಡಿಸಿ ಪಳಗಿದ ಗಂಟಲು ಅದು. ಹೆದರಿ ಕೂಗುತ್ತಾರೆ ಎಂದು ಬಳಗದಲ್ಲಿದ್ದ ಸಿಮೆಂಟ್ ಅಂಗಡಿಯವರು ನಗುತ್ತಿದ್ದರು. ಹೆದರುವವರಾಗಿದ್ದರೆ ಏರಿನಲ್ಲಿ ಅದೇ ಸಿಮೆಂಟ್ ಅಂಗಡಿಯವರನ್ನು ದಾಟಿ ಹೋಗುತ್ತಿರಲಿಲ್ಲ. ನಿಜ ಹೇಳಬೇಕೆಂದರೆ ನಮ್ಮಲ್ಲಿ ವೇಗದ ಹುಚ್ಚು ಎಲ್ಲರಿಗಿಂತ ಹೆಚ್ಚು ಇದ್ದದ್ದು ಅಕ್ಕನಿಗೆ.

ಒಮ್ಮೆ ಕೇಳಿದ್ದೆ, "ಅಷ್ಟು ಮುರಿದ ಮೂಳೆ ನೋಡೀನೂ ಇದೆಲ್ಲ ಯಾಕಕ್ಕಾ ನಿಮಗೆ?"

"ವಾರವೆಲ್ಲ ನಡೆಯೋಕಾಗದೆ ಕೂತವರ ಜೊತೆ ಇರ್ತೀನಿ, ಪೇಂಟರ್ರೇ. ಎರಡು ಗಂಟೆ ಆದ್ರೂ ಓಡೋರ ಜೊತೆ ಇರೋಣ ಅಂತ. ಒಬ್ಬಳೇ ಹೋದ್ರೆ ಈ ಜೋರು ಸಿಗಲ್ಲ. ನನಗೆ ಜೋರು ಬೇಕು, ಬೀಳೋದು ಬೇಡ, ಅಷ್ಟೇ." ಹೇಳುವಾಗ ಅವರ ಮುಖ ಹುಡುಗಿಯ ಮುಖದಂತಿತ್ತು.

ಬಳಗದ ಐದನೆಯ ವರ್ಷಕ್ಕೆ ಸರಾಸರಿ ವೇಗ ಮೂವತ್ತೈದು ಮುಟ್ಟಬೇಕೆಂದು ಡಾಕ್ಟರು ಪಣ ತೊಟ್ಟರು. ಮುಟ್ಟುವುದಕ್ಕೆ ಮೊದಲೇ ಹನ್ನೆರಡು ಬನಿಯನ್ನುಗಳೂ ಸಿದ್ಧವಾದವು. ಎದೆಯ ಮೇಲೆ '೩೫' ಎಂದು ದಪ್ಪ ಕೆಂಪು ಅಂಕಿ, ಬರೆದವನು ನಾನು. ಆ ಭಾನುವಾರ ಹೊರಡುವ ಮುಂಚೆ ಡಾಕ್ಟರು ಅಕ್ಕನನ್ನು ಪಕ್ಕಕ್ಕೆ ಕರೆದು, "ಇವತ್ತೊಂದಿನ ಕೂಗಬೇಡಿ ಅಮ್ಮಾ. ಕೂಗಿದ್ರೆ ಬಳಗದಲ್ಲಿ ನಿಮ್ಮನ್ನ ಇಟ್ಕೊಳ್ಳೋದು ಕಷ್ಟ ಆಗುತ್ತೆ" ಎಂದರು. ಅಕ್ಕ ತಲೆಯಾಡಿಸಿದರು. ಬಳಗ ಬಿಟ್ಟುಹೋಗುತ್ತದೆ ಎಂಬ ದಿಗಿಲು ಅವರ ಕಣ್ಣಲ್ಲಿ ಎದ್ದು ಕಾಣುತ್ತಿತ್ತು.

ಒಂದು ಗಂಟೆ ನಿಜಕ್ಕೂ ಬಾಯಿ ಬಿಡಲಿಲ್ಲ. ಇಟ್ಟಿಗೆ ಗೂಡಿನ ಇಳಿಜಾರಿನಲ್ಲಿ ಮುಂದೆ ಹೋಗುವ ಸರದಿ ಅವರದಾಯಿತು. ಅಲ್ಲಿ ಪೈಪ್ ಹಾಕಲು ಅಗೆದು, ಮುಚ್ಚುವುದನ್ನು ಮರೆತಿದ್ದರು. "ಗುಂಡಿ! ಬಲಕ್ಕೆ ಬನ್ನಿ, ನಿಧಾನ, ನಿಧಾನ!" ಅಕ್ಕನ ಕೂಗಿಗೆ ಹನ್ನೊಂದು ಸೈಕಲ್‌ಗಳು ಹಾವಿನ ಹಾಗೆ ಸರಿದು ದಾಟಿದವು. ಯಾರಿಗೂ ಒಂದು ಗೀರೂ ಆಗಲಿಲ್ಲ. ಸೇತುವೆಗೆ ವಾಪಸಾದಾಗ ಡಾಕ್ಟರ ಸೈಕಲ್ಲಿನ ಮೀಟರು ತೋರಿಸಿದ್ದು ಮೂವತ್ತನಾಲ್ಕು ಪಾಯಿಂಟ್ ಒಂಬತ್ತು.

ಚಹದಂಗಡಿಯ ಬೆಂಚಿನ ಮೇಲೆ ಸಭೆ ಸೇರಿತು. "ಪಾಯಿಂಟ್ ಒಂದು! ಬರೀ ಪಾಯಿಂಟ್ ಒಂದು!" ಎಂದು ಡಾಕ್ಟರು ತಲೆ ಚಚ್ಚಿಕೊಂಡರು.

"ಯಾರೂ ಬೀಳಲಿಲ್ಲವಲ್ಲ" ಎಂದರು ಅಕ್ಕ.

"ಅದನ್ನೇ ನಾವೂ ಹೇಳ್ತಿರೋದು" ಎಂದರು ವಕೀಲರು. "ಯಾರೂ ಬೀಳಲಿಲ್ಲ. ಹಾಗಾದ್ರೆ ಕೂಗಿದ್ದು ಯಾಕೆ?"

ಆಗದೇ ಹೋದ ಅಪಘಾತಕ್ಕೆ ಎಕ್ಸ್‌ರೇ ಎಲ್ಲಿಂದ ತರುವುದು? ಬಳಗದಲ್ಲಿ ಅಕ್ಕ ಬೇಡ ಎನ್ನುವವರು ಕೈ ಎತ್ತಿ ಎಂದರು ಡಾಕ್ಟರು. ರಸ್ತೆಯಲ್ಲಿ ಗುಂಡಿ ತೋರಿಸಲು ಒಂದು ದಿನವೂ ಹ್ಯಾಂಡಲ್ ಬಿಡದ ಕೈಗಳೆಲ್ಲ ಪಟಪಟನೆ ಮೇಲೆದ್ದವು. ನನಗೆ ಅಕ್ಕನ ಮೇಲೆ ಯಾವ ಸಿಟ್ಟೂ ಇರಲಿಲ್ಲ. ಆದರೆ ಅತ್ತಿತ್ತ ನೋಡಿದೆ, ಎಲ್ಲರ ಕೈಯೂ ಎದ್ದಿತ್ತು. ನನ್ನದೂ ಎದ್ದಿತು. ಅಕ್ಕ ಚಹದ ಲೋಟ ಕೆಳಗಿಟ್ಟು, ಅಂಗಿಯ ಮೇಲೆ ಹಾಕಿದ್ದ ಬನಿಯನ್ ಬಿಚ್ಚಿ, ಮಡಿಚಿ ಬೆಂಚಿನ ಮೇಲಿಟ್ಟು, ಸೈಕಲ್ ಹತ್ತಿದರು. ತಿರುವಿನಲ್ಲಿ ಹಿಂದೆ ಯಾರೂ ಇಲ್ಲದಿದ್ದರೂ ಕೈ ಚಾಚಿ ಎಡಕ್ಕೆ ಎಂದು ತೋರಿಸಿ ಹೋದರು. ನಾನು ಚಹ ಕುಡಿದು ಮುಗಿಸಿದೆ.

ಮುಂದಿನ ಭಾನುವಾರ ಅದೇ ದಾರಿ, ಅದೇ ಇಳಿಜಾರು. ಡಾಕ್ಟರು ಮುಂದೆ, ಅವರ ಹಿಂದೆ ಒಂದು ಗೇಣಿನಲ್ಲಿ ನಾನು. ಗುಂಡಿ ಅವರಿಗೆ ಕಂಡಿತು. ತಮ್ಮ ಪಾಡಿಗೆ ನಾಜೂಕಾಗಿ ಪಕ್ಕಕ್ಕೆ ಸರಿದರು. ಅವರು ಸರಿದ ಜಾಗದಲ್ಲಿ ನನಗೆ ಕಂಡದ್ದು ಗುಂಡಿಯ ತಳ.

ಬಳಗ ನಿಲ್ಲಲೇ ಇಲ್ಲ ಎಂದರೆ ಸುಳ್ಳಾಗುತ್ತದೆ. ಮೊದಲು ಮೀಟರು ನಿಲ್ಲಿಸಿದರು, ಆಮೇಲೆ ತಾವು ನಿಂತರು.

"ಗುಂಡಿ ನೋಡ್ಲಿಲ್ವಾ ನೀವು?" ಎಂದು ಡಾಕ್ಟರು ಗದರಿದರು.

"ನೋಡಿದ್ದು ನೀವು" ಎಂದೆ, ಮಣ್ಣು ಉಗುಳುತ್ತಾ.

"ಬ್ಯಾಂಡೇಜ್ ಯಾರ ಹತ್ರ ಇದೆ?" ಎಂದು ಸಿಮೆಂಟ್ ಅಂಗಡಿಯವರು ಕೂಗಿದರು. ಎಲ್ಲರೂ ಹಿಂದಕ್ಕೆ ತಿರುಗಿ ನೋಡಿದರು, ಅಲ್ಲಿ ಯಾರೂ ಇರಲಿಲ್ಲ. ಕೊನೆಗೆ ವಕೀಲರ '೩೫' ಬನಿಯನ್ನು ಬಿಚ್ಚಿಸಿ ನನ್ನ ಬಲಗೈಯನ್ನು ಕುತ್ತಿಗೆಗೆ ತೂಗುಹಾಕಿದರು. ದಾರಿಯಲ್ಲಿ ಬಂದ ಹಾಲಿನ ವ್ಯಾನು ನನ್ನನ್ನು ಆಸ್ಪತ್ರೆಗೆ ತಲುಪಿಸಿತು.

ಅಲ್ಲಿನ ಡಾಕ್ಟರಮ್ಮ ಮೂಳೆ ಕೂಡಿಸಿ, ಕೈಯನ್ನು ಮತ್ತೆ ಅದೇ ಬನಿಯನ್ನಿಗೆ ತೂಗುಹಾಕಿ, ನನ್ನನ್ನು ಬಿಳಿ ಹಿಡಿಯ ಬಾಗಿಲಿಗೆ ಕಳಿಸಿದರು. ಒಳಗೆ ಅಕ್ಕ ಬಕೆಟ್ಟಿನ ನೀರು ಬೆಚ್ಚಗಿದೆಯೇ ಎಂದು ಬೆರಳದ್ದಿ ನೋಡುತ್ತಿದ್ದರು.

"ಭಾನುವಾರಾನೂ ಡ್ಯೂಟಿನಾ ಅಕ್ಕಾ?" ಎಂದೆ.

"ಭಾನುವಾರ ಇನ್ನೇನಿದೆ ನನಗೆ? ನಾನೇ ಕೇಳಿ ಹಾಕಿಸ್ಕೊಂಡೆ."

ಕತ್ತರಿ ತೆಗೆದುಕೊಂಡು ಬನಿಯನ್ನನ್ನು ಮೂರಕ್ಕೂ ಐದಕ್ಕೂ ನಡುವೆ ಸರಿಯಾಗಿ ಕತ್ತರಿಸಿದರು. ಪ್ಲಾಸ್ಟರಿನ ಸುರುಳಿ ನೀರಿಗೆ ಬಿಟ್ಟು, ಗುಳ್ಳೆ ನಿಲ್ಲುವವರೆಗೆ ಕಾದು, ಹಿಂಡಿ, ಅಂಗೈಯಿಂದ ಮೊಣಕೈವರೆಗೆ ಸುತ್ತತೊಡಗಿದರು. ನನ್ನ ಎಡಗೈಯಲ್ಲಿದ್ದ ಫೋನು ಕಿಣಿಕಿಣಿ ಎಂದಿತು. ಡಾಕ್ಟರು ಬಳಗಕ್ಕೆಲ್ಲ ಕಳಿಸಿದ್ದರು: 'ಇಂದಿನ ಸರಾಸರಿ ೩೫.೧. ಎಲ್ಲರಿಗೂ ಅಭಿನಂದನೆಗಳು.' ಅದರ ಕೆಳಗೆ ಒಂಬತ್ತು ಚಪ್ಪಾಳೆ.

ನನಗೆ ತಡೆಯಲಾಗಲಿಲ್ಲ. "ಅಕ್ಕಾ, ಅವತ್ತು ನಾನೂ ಕೈ ಎತ್ತಿದೆ. ಇದೇ ಕೈ. ತಪ್ಪಾಯ್ತು."

"ಗೊತ್ತು. ಎದುರಿಗೇ ಕೂತಿದ್ನಲ್ಲ. ಅಲ್ಲಾಡಬೇಡಿ."

"ವಾಸಿಯಾದ ಮೇಲೆ ನಿಮ್ಮ ಹಿಂದೆ ಬರ್ಲಾ? ನಾವಿಬ್ರೇ?"

ಅಕ್ಕ ಹಸಿ ಪ್ಲಾಸ್ಟರನ್ನು ಅಂಗೈಯಿಂದ ನಯವಾಗಿ ಸವರಿದರು. "ಹಿಂದೆ ಬೇಡ. ಮುಂದೆ ಹೋಗಿ, ಕೂಗೋದು ಕಲೀರಿ. ಹಿಂದೆ ನಾನಿರ್ತೀನಿ."

ನನ್ನ ಕಣ್ಣು ತುಂಬಿತು. ನೋವಿಗಿರಬೇಕು ಎಂದುಕೊಂಡು ಅಕ್ಕ ಬೇಗ ಕೆಲಸ ಮುಗಿಸಿದರು. ಕೈ ತೊಳೆದುಕೊಂಡು, ಚೀಟಿಯ ಮೇಲೆ ತಾರೀಕು ಬರೆದು, ಎಲ್ಲ ರೋಗಿಗಳಿಗೂ ಹೇಳುವುದನ್ನು ನನಗೂ ಹೇಳಿದರು.

"ನೆನೆಸಬೇಡಿ, ಒಳಗೆ ಕಡ್ಡಿ ಹಾಕಿ ಕೆರೀಬೇಡಿ. ಕೈ ಕೆಳಗೆ ಬಿಟ್ರೆ ಊದ್ಕೊಳ್ಳುತ್ತೆ. ಕೂತ್ರೂ, ನಿಂತ್ರೂ, ಮಲಗಿದ್ರೂ ಎತ್ತೇ ಇಟ್ಕೊಂಡಿರಿ." ಬಾಗಿಲು ತೆರೆದು ಹಿಡಿದು ಸೇರಿಸಿದರು, "ನಿಮಗೇನೂ ಕಷ್ಟ ಆಗಲ್ಲ ಬಿಡಿ. ಅಭ್ಯಾಸ ಇದೆಯಲ್ಲ."