ಅತ್ತೆಯ ಪೂಜೆ, ನನ್ನ ಹಂದಿಗಳು

ನನ್ನ ಹಂದಿಗಳು ಲಿಂಗಪೂಜೆ ಆಗದೆ ಬಾಯಿಗೆ ಏನೂ ಹಾಕುತ್ತಿರಲಿಲ್ಲ. ಹೇಳಿದರೆ ಯಾರೂ ನಂಬುವುದಿಲ್ಲ. ಪೂಜೆ ಮಾಡುತ್ತಿದ್ದವರು ನನ್ನ ಅತ್ತೆ, ಹಂದಿಗಳು ಮಾತ್ರ ನನ್ನವು. ನನ್ನವು ಎಂಬುದನ್ನು ಈಗಲೂ ಒತ್ತಿ ಹೇಳುತ್ತೇನೆ.

ಆಗ ನಾವು ಬೆಂಗಳೂರಿನ ಹೂಡಿಯಲ್ಲಿ ನೆಲಮಹಡಿಯ ಬಾಡಿಗೆ ಮನೆಯಲ್ಲಿದ್ದೆವು. ಹಿತ್ತಿಲಲ್ಲಿ ಒಂದು ಸೀಬೆ ಗಿಡ, ಕಾಂಪೌಂಡಿನ ಆಚೆ ಏಳುತ್ತಿದ್ದ ಅಪಾರ್ಟ್‌ಮೆಂಟಿನ ಧೂಳು. ಆಫೀಸಿನವರೆಲ್ಲ ಲ್ಯಾಬ್ರಡಾರ್ ಸಾಕುತ್ತಿದ್ದ ಕಾಲದಲ್ಲಿ ನಾನು ಹಟ ಹಿಡಿದು ಜೋಲುಹೊಟ್ಟೆಯ ಎರಡು ಕರಿ ಹಂದಿಮರಿಗಳನ್ನು ತಂದೆ. "ಬೆಕ್ಕಿನಷ್ಟೇ ಇರ್ತವೆ ಮೇಡಂ, ಜಾಸ್ತಿ ಬೆಳೆಯಲ್ಲ" ಎಂದಿದ್ದ ಮಾರಿದವನು. ವರ್ಷ ತುಂಬುವಷ್ಟರಲ್ಲಿ ಹೊಟ್ಟೆ ನೆಲ ಸವರುತ್ತಿತ್ತು. ಸೋಫಾ ಹತ್ತಿಸಲು ನಾನೂ ಗಂಡನೂ ಸೇರಿ ಎತ್ತಬೇಕಿತ್ತು. ಹೆಸರಿಡಲಿಲ್ಲ. ಒಂದು ದೊಡ್ಡದು, ಇನ್ನೊಂದು ಚಿಕ್ಕದು. ಸಂಜೆ ನಾನು ಆಫೀಸಿನ ಕ್ಯಾಬ್ ಇಳಿದು ಬಾಗಿಲು ಹಾಕಿದ ಸದ್ದಿಗೇ ಎರಡೂ ಗೇಟಿಗೆ ಓಡಿಬಂದು ಮೂತಿ ತೂರಿಸಿ ಗುರುಗುಟ್ಟುತ್ತಿದ್ದವು. ದಿನವಿಡೀ ಮ್ಯಾನೇಜರನಿಂದ ಬೈಸಿಕೊಂಡು ಬರುವವಳಿಗೆ ಅಷ್ಟು ಸಾಕಿತ್ತು.

ಆಮೇಲೆ ಮಂಡಿನೋವಿಗೆ ತೋರಿಸಿಕೊಳ್ಳಲು ಅತ್ತೆ ದಾವಣಗೆರೆಯಿಂದ ಬಂದರು. ಬಾಗಿಲಲ್ಲೇ ನಿಂತುಬಿಟ್ಟರು.

"ಶಿವನೇ! ಮನ್ಯಾಗ ಹಂದಿ ಬಿಟ್ಕಂಡೀರಲ್ಲ! ನಾ ಎಲ್ಲಿ ಕುಂತು ಪೂಜಿ ಮಾಡ್ಲಿ?"

ಲಿಂಗಪೂಜೆ ಮುಗಿಸದೆ ಅವರು ತೊಟ್ಟು ನೀರೂ ಕುಡಿಯುವವರಲ್ಲ. ಕೋಣೆಯ ಬಾಗಿಲು ಹಾಕಿಕೊಂಡು, ಹಣೆಗೆ ವಿಭೂತಿ ಬಳಿದು, ಎಡ ಅಂಗೈಯಲ್ಲಿ ಲಿಂಗವಿಟ್ಟು ಕೂರುತ್ತಿದ್ದರು. ಮುಗಿದಾಗ ಪುಟ್ಟ ಗಂಟೆಯ ಸದ್ದು. ಬಾಳೆಹಣ್ಣಿನ ವಾಸನೆ ಬಾಗಿಲ ಸಂದಿಯಿಂದ ಹೊರಗೆ ಬಂತು, ಹಂದಿಗಳ ಮೂತಿ ಅದೇ ಸಂದಿಗೆ ಹೋಯಿತು. ಮೊದಮೊದಲು ಅತ್ತೆ ಕೋಲು ತೋರಿಸಿದರು. ಆಮೇಲೆ ಹಣ್ಣಿನ ಸಿಪ್ಪೆ ಹೊರಗೆ ಬಿತ್ತು. ಆಮೇಲೆ ಹಣ್ಣೇ ಬಿತ್ತು. ಒಂದು ಬೆಳಿಗ್ಗೆ ನೋಡುತ್ತೇನೆ, ಬಾಗಿಲು ತೆರೆದೇ ಇದೆ. ಎರಡೂ ಹೊಸ್ತಿಲ ಮೇಲೆ ಮೂತಿಯಿಟ್ಟು ಮಲಗಿವೆ. ಎರಡರ ಹಣೆಯ ಮೇಲೂ ಮೂರು ಬೆರಳಿನ ವಿಭೂತಿ.

ಅಲ್ಲಿಂದ ಮುಂದೆ ನನ್ನ ಪಾಡು ಯಾರಿಗೂ ಬೇಡ. ಆಫೀಸಿಗೆ ಹೊರಡುವ ಅವಸರದಲ್ಲೂ ಸೋರೆಕಾಯಿ ಹೆಚ್ಚಿ, ಅನ್ನ ಕಲಸಿ ಇಡುತ್ತಿದ್ದೆ. ಮೂಸಿ ನೋಡಿ, ಇನ್ನೂ ಪೂಜೆ ಆಗಿಲ್ಲವಲ್ಲ ಎನ್ನುವಂತೆ ನನ್ನ ಮುಖ ನೋಡಿ, ಅತ್ತೆಯ ಹೊಸ್ತಿಲಿಗೆ ಹೋಗುತ್ತಿದ್ದವು. ಬೆಲ್ಲ ತೋರಿಸಿದೆ, ಕಡಲೆಕಾಯಿ ತೋರಿಸಿದೆ. ಪ್ರಸಾದ ಸಿಕ್ಕ ಮೇಲೆಯೇ ನನ್ನ ತಟ್ಟೆಗೆ ಬಾಯಿ. ಸಂಜೆ ಕ್ಯಾಬಿನ ಬಾಗಿಲನ್ನು ಬೇಕೆಂದೇ ಜೋರಾಗಿ ಹಾಕುತ್ತಿದ್ದೆ. ಗೇಟಿನಲ್ಲಿ ಯಾರೂ ಇಲ್ಲ. ಒಳಗೆ ಅತ್ತೆ ಕುರ್ಚಿಯಲ್ಲಿ ಕೂತು, ನೋವಿನ ಕಾಲಿನಿಂದಲೇ ದೊಡ್ಡದರ ಹೊಟ್ಟೆ ಕೆರೆಯುತ್ತ ಧಾರಾವಾಹಿ ನೋಡುತ್ತಿರುತ್ತಿದ್ದರು.

"ಬಾರವ್ವ, ನಿನ್ನ ಹಂದಿ ನೀನ ನೋಡ್ಕ. ನನ್ನ ಬಿಟ್ಟು ಏಳವಲ್ವು."

ದೂರಿನ ದನಿ, ಮುಖದ ತುಂಬ ಗೆಲುವು. ನನಗೆ ಮೈಯೆಲ್ಲ ಉರಿದುಹೋಗುತ್ತಿತ್ತು.

"ಅಮ್ಮನ ಮೇಲೆ ಹೊಟ್ಟೆಕಿಚ್ಚಾ? ಅದೂ ಹಂದಿ ವಿಷ್ಯಕ್ಕೆ?" ಎಂದು ಗಂಡ ನಕ್ಕ.

ಹೌದು, ಹೊಟ್ಟೆಕಿಚ್ಚೇ. ಮಗನನ್ನು ಅವರು ಎಷ್ಟು ಬೇಕಾದರೂ ಇಟ್ಟುಕೊಳ್ಳಲಿ, ನನ್ನ ತಕರಾರಿಲ್ಲ. ಹಂದಿಗಳಿಗೆ ಬಾಟಲಿಯಲ್ಲಿ ಹಾಲು ಕುಡಿಸಿ ಬೆಳೆಸಿದವಳು ನಾನು.

ಚಳಿಗಾಲದಲ್ಲಿ ದೊಡ್ಡದಕ್ಕೆ ನ್ಯುಮೋನಿಯಾ ಬಂತು. ಡಾಕ್ಟರು ಸೂಜಿ ಚುಚ್ಚಿ ನೋಡಿ ಕೈಚೆಲ್ಲಿದರು. ರಜೆ ಹಾಕಿ ಅದರ ಪಕ್ಕದಲ್ಲೇ ಕೂತಿದ್ದೆ. ನೀರು ತರಲು ಅಡುಗೆಮನೆಗೆ ಹೋಗಿ ಬರುವಷ್ಟರಲ್ಲಿ ಅದು ತೆವಳಿಕೊಂಡು ಹೋಗಿ ಅತ್ತೆಯ ತೊಡೆಯ ಮೇಲೆ ತಲೆಯಿಟ್ಟಿತ್ತು. ಅಲ್ಲೇ ಪ್ರಾಣ ಬಿಟ್ಟಿತು. ಅತ್ತೆ ಬೀದಿಗೆಲ್ಲ ಕೇಳುವಂತೆ ಅತ್ತರು. ಅಕ್ಕಪಕ್ಕದವರು ಬಂದು ಅವರನ್ನು ಸಮಾಧಾನ ಮಾಡಿದರು. ನನಗೆ ಕಾಫಿ ಮಾಡಲು ಹೇಳಿದರು. ಸೀಬೆ ಗಿಡದ ಬುಡದಲ್ಲಿ ಮಣ್ಣು ಮಾಡುವಾಗ ವಿಭೂತಿ ಇಟ್ಟವರೂ ಅತ್ತೆಯೇ. ಗುದ್ದಲಿ ಹಿಡಿದು ನಿಂತಿದ್ದ ನಾನು ಒಂದೇ ಮಾತು ಅಂದುಕೊಂಡೆ: ದೊಡ್ಡದು ಅವರದಾಯಿತು, ಚಿಕ್ಕದಾದರೂ ನನ್ನದಾಗಲಿ.

ಮಂಡಿ ಸುಧಾರಿಸಿತು, ಅತ್ತೆ ಊರಿಗೆ ಹೊರಟರು. ಅವರನ್ನು ಬಸ್ಸು ಹತ್ತಿಸಿ ಬಂದ ಮರುಬೆಳಿಗ್ಗೆ ಹಾಡು ಗುನುಗುತ್ತ ಸೋರೆಕಾಯಿ ಹೆಚ್ಚಿದೆ. ಚಿಕ್ಕದು ಮೂಸಲೂ ಇಲ್ಲ. ಖಾಲಿ ಕೋಣೆಯ ಹೊಸ್ತಿಲ ಮೇಲೆ ಮೂತಿಯಿಟ್ಟು ಮಲಗಿತು. ಮಾರನೆಯ ದಿನವೂ ಅಷ್ಟೇ. ಹೊಟ್ಟೆಗೆ ಏನಾದರೂ ಹೋಗದಿದ್ದರೆ ಇದೂ ಉಳಿಯುವುದಿಲ್ಲ ಎಂದರು ಡಾಕ್ಟರು.

ನನ್ನ ಲಿಂಗ ಬೀರುವಿನಲ್ಲಿತ್ತು. ಐಡಿ ಕಾರ್ಡಿನ ದಾರಕ್ಕೆ ಕೊರಳ ಶಿವದಾರ ಸಿಕ್ಕಿಕೊಳ್ಳುತ್ತದೆ ಎಂದು ಕೆಲಸಕ್ಕೆ ಸೇರಿದ ಹೊಸದರಲ್ಲೇ ಬಿಚ್ಚಿಟ್ಟಿದ್ದೆ. ಅದನ್ನು ಹೊರಗೆ ತೆಗೆದೆ. ಸ್ನಾನ ಮಾಡಿ, ಅತ್ತೆ ಬಿಟ್ಟುಹೋಗಿದ್ದ ಹಳೆ ಸೀರೆ ಉಟ್ಟು, ಅವರ ಮಣೆಯ ಮೇಲೇ ಕೂತು, ವಿಭೂತಿ ಬಳಿದುಕೊಂಡೆ. ಮಂತ್ರ ಅರ್ಧಕ್ಕರ್ಧ ಮರೆತಿತ್ತು. ಶಿವನ ಮೇಲೆ ಗಮನವೂ ಇರಲಿಲ್ಲ; ಕಣ್ಣು ಹೊಸ್ತಿಲ ಕಡೆಗೇ ಇತ್ತು. ಗಂಟೆ ಬಾರಿಸಿದೆ. ಚಿಕ್ಕದರ ಕಿವಿ ನಿಮಿರಿತು. ಎದ್ದು ಬಂದು, ಸೆರಗು ಮೂಸಿ, ನನ್ನ ಕೈಯಿಂದ ಬಾಳೆಹಣ್ಣು ತಿಂದಿತು. ಖುಷಿಗೆ ಅತ್ತುಬಿಟ್ಟೆ. ಗೆದ್ದೆ ಎಂದುಕೊಂಡೆ.

ಹಾಗೇ ಒಂದೆರಡು ವರ್ಷ ನಡೆಯಿತು. ಪೂಜೆ ತಪ್ಪಿಸಲಿಲ್ಲ, ಸೊಸೆಗೆ ಬುದ್ಧಿ ಬಂತು ಎಂದು ನೆಂಟರಲ್ಲೆಲ್ಲ ಸುದ್ದಿ. ಆದರೆ ಚಿಕ್ಕದು ತಿನ್ನುವುದು ನನ್ನ ಕೈಯಿಂದ, ಮಲಗುವುದು ಅತ್ತೆಯ ಹೊಸ್ತಿಲಲ್ಲಿ. ನನ್ನ ಕೋಣೆಯ ಬಾಗಿಲಿಗೆ ಮೆತ್ತನೆಯ ಹಾಸಿಗೆ ಹೊಲಿಸಿ ಹಾಕಿದೆ. ಅದನ್ನು ಬಾಯಲ್ಲಿ ಎಳೆದುಕೊಂಡು ಹೋಗಿ ಅಲ್ಲೇ ಹಾಸಿಕೊಂಡಿತು. ಒಂದು ಬೆಳಿಗ್ಗೆ ಗಂಟೆ ಬಾರಿಸಿದೆ, ಕಿವಿ ಏಳಲಿಲ್ಲ. ಮುಟ್ಟಿದೆ, ಮೈ ತಣ್ಣಗಿತ್ತು. ಅತ್ತೆಯ ಹೊಸ್ತಿಲ ಮೇಲೆಯೇ, ಅವರ ಖಾಲಿ ಮಂಚದ ಕಡೆಗೆ ಮುಖ ಮಾಡಿ ಹೋಗಿಬಿಟ್ಟಿತ್ತು.

ಅತ್ತೆಗೆ ಫೋನ್ ಮಾಡಿದೆ. ಈ ಸಲ ಅವರು ಜೋರಾಗಿ ಅಳಲಿಲ್ಲ. ಮೆಲ್ಲಗೆ ಕೇಳಿದರು.

"ಕಡೀಕ ಎಲ್ಲಿ ಮಲಗಿತ್ತವ್ವ? ನನ್ನ ಬಾಗಿಲಾಗ?"

ಆ ಆಸೆ ನನಗೆ ಚೆನ್ನಾಗಿ ಗೊತ್ತು. ಕ್ಯಾಬಿನ ಬಾಗಿಲು ಜೋರಾಗಿ ಹಾಕಿ ಗೇಟಿನ ಕಡೆ ನೋಡುತ್ತಿದ್ದವಳು ನಾನೇ ಅಲ್ಲವೇ? ಹೂಂ ಅಂದಿದ್ದರೆ ಅವರಿಗೆ ಎಷ್ಟೋ ಸಮಾಧಾನವಾಗುತ್ತಿತ್ತು.

"ಇಲ್ರೀ ಅತ್ತೆ," ಎಂದೆ. "ನನ್ನ ಬಾಗಿಲಲ್ಲಿ."

"ಹೌದಾ?" ಎಂದರು. "ಇರ್ಲಿ ಬಿಡವ್ವ. ನಿನ್ನ ಹಂದಿ ಅದು."

ಈ ಸಲ ಅವರ ದನಿಯಲ್ಲಿ ಗೆಲುವಿರಲಿಲ್ಲ. ಅವತ್ತಿನ ಬಾಳೆಹಣ್ಣು ನನ್ನ ಕೈಯಲ್ಲಿ ಹಾಗೇ ಇತ್ತು.