ವಿಮಲಾಬಾಯಿಯ ಮೂರು ಪಕ್ಕೆಲುಬು

ಕಮಲಾಪುರದ ಸರ್ಕಾರಿ ಶಾಲೆಯಲ್ಲಿ ವಿಮಲಾಬಾಯಿ ಬಿಸಿಯೂಟದ ಮುಖ್ಯ ಅಡುಗೆಯವಳು. ಇನ್ನೂರು ಮಕ್ಕಳ ಸಾಂಬಾರಿಗೆ ಉಪ್ಪನ್ನು ಅಂಗೈಯಲ್ಲೇ ಅಂದಾಜು ಮಾಡಿ ಹಾಕುತ್ತಿದ್ದಳು. ಎರಡು ವರ್ಷದ ಹಿಂದೆ ಸ್ತನ ಕ್ಯಾನ್ಸರಿನ ಆಪರೇಷನ್ ಆಯಿತು. ಉದುರಿದ ಕೂದಲು ಪೂರಾ ಬರುವ ಮೊದಲೇ ಮತ್ತೆ ಸೌಟು ಹಿಡಿದಳು. ಕಲಬುರಗಿಯ ಆಸ್ಪತ್ರೆಗೆ ಹೋದಾಗಲೆಲ್ಲ ಫೈಲು ಗಂಡ ದೇವೀಂದ್ರಪ್ಪನ ಕಂಕುಳಲ್ಲಿ, ಇವಳು ಹೊರಗಿನ ಬೆಂಚಿನಲ್ಲಿ. ರೋಗ ಹೆಂಗಸಿನದಾದರೂ ಮಾತು ಗಂಡಸಿನದು.

ಈ ಸಲ ಡಾಕ್ಟರಮ್ಮ ಬೋನ್ ಸ್ಕ್ಯಾನ್ ಬರೆದರು. ಸೂಜಿಯಲ್ಲಿ ಔಷಧಿ ಕೊಟ್ಟು, ಮೂರು ತಾಸು ನೀರು ಕುಡಿಸಿ, ಯಂತ್ರದ ಕೆಳಗೆ ಮಲಗಿಸಿದರು. ಚಿತ್ರದಲ್ಲಿ ಎಡ ಪಕ್ಕೆಲುಬುಗಳ ಮೇಲೆ ಮೂರು ಕಪ್ಪು ಚುಕ್ಕೆ. ಇಂಗ್ಲಿಷಿನವರು ಅವನ್ನು 'ಹಾಟ್ ಸ್ಪಾಟ್', ಬಿಸಿ ಚುಕ್ಕೆ ಎನ್ನುತ್ತಾರೆ. ಬಿಸಿಯೂಟದವಳಿಗೆ ತಣ್ಣಗಿನದು ಎಲ್ಲಿ ಸಿಗಬೇಕು?

ಇತ್ತೀಚೆಗೆ ಬಿದ್ದು ಪೆಟ್ಟಾಗಿತ್ತೇ ಎಂದು ಡಾಕ್ಟರಮ್ಮ ದೇವೀಂದ್ರಪ್ಪನನ್ನು ಕೇಳಿದರು. ಉತ್ತರ ಹೇಳಬೇಕಾದವಳು ಬಾಗಿಲಾಚೆ ಆರು ಹೆಜ್ಜೆಯಲ್ಲಿದ್ದಳು. ಅವನೇ ಇಲ್ಲ ಎಂದ. ಹಾಗಾದರೆ ಕ್ಯಾನ್ಸರ್ ಎಲುಬಿಗೆ ಹಬ್ಬಿರಬಹುದು, ಸಿ.ಟಿ. ಮಾಡಿಸಿ ಖಾತ್ರಿ ಮಾಡಿಕೊಳ್ಳೋಣ ಎಂದರು. ಬಸ್ಸು ಊರು ಮುಟ್ಟುವಷ್ಟರಲ್ಲಿ 'ಹಬ್ಬಿರಬಹುದು' ಎಂಬುದು 'ಹಬ್ಬಿದೆ' ಆಗಿತ್ತು. ಗೊತ್ತಿದ್ದದ್ದಕ್ಕೆ ಇನ್ನೊಂದು ಚಿತ್ರ ಯಾಕೆಂದು ಅವನು ಸಿ.ಟಿ. ಮಾಡಿಸಲಿಲ್ಲ.

ಹೆಂಡತಿಗೆ ಮಾತ್ರ, ಎಲುಬಿನಲ್ಲಿ ಕ್ಯಾಲ್ಸಿಯಂ ಕಡಿಮೆಯಾಗಿದೆ ಎಂದಷ್ಟೇ ಹೇಳಿದ. ರಜೆ ಅರ್ಜಿ ಎಂದು ಹೇಳಿ, ಕನ್ನಡಕ ಹುಡುಕಲೂ ಬಿಡದೆ ಒಂದು ಕಾಗದಕ್ಕೆ ಸಹಿ ಹಾಕಿಸಿದ.

ಮೂರನೇ ವಾರ ಬೇಸರ ಕಳೆಯಲು ಶಾಲೆಗೆ ಹೋದರೆ, ಅವಳ ಒಲೆಯ ಮುಂದೆ ನಾದಿನಿ ಅಂಜನಾ.

"ಯಾಕ ಬಂದ್ರಿ ವೈನಿ? ಎಡ ಪಕ್ಕಡಿಗೆ ಹಬ್ಬ್ಯಾದಂತ, ಅಣ್ಣ ಹೇಳ್ಯಾನ. ಉಳಿದ ದಿನ ಆರಾಮ ಇರ್ರಿ."

ಹೆಡ್‌ಮಾಸ್ತರರು ಫೈಲು ತೆಗೆದು ತೋರಿಸಿದರು: ಅವಳು ಸಹಿ ಹಾಕಿದ್ದ ಕಾಗದ ರಜೆಯದಲ್ಲ, ರಾಜೀನಾಮೆ; ತನ್ನ ಜಾಗಕ್ಕೆ ಅಂಜನಾಳನ್ನು ತೆಗೆದುಕೊಳ್ಳಬೇಕೆಂಬ ವಿನಂತಿಯೂ ಅದರಲ್ಲಿತ್ತು. ರಾಜಿ ಯಾರೂ ಕೇಳಿರಲಿಲ್ಲ, ನಾಮ ಮಾತ್ರ ಹಾಕಿದ್ದರು.

ಅಕ್ಕಿ ತೊಳೆಯುತ್ತಿದ್ದ ಜೊತೆಗಾತಿ ಇಕ್ಬಾಲ್ ಬೇಗಂ ಹಿಂದೆಯೇ ಎದ್ದು ಬಂದಳು.

"ವಿಮಲಕ್ಕಾ, ಅವತ್ತು ಒಲಿ ಕಟ್ಟಿಗಿ ಬಡದದ್ದು ಎಡಕ್ಕೇ ಅಲ್ಲಾ?"

ಸ್ಕ್ಯಾನಿಗೆ ತಿಂಗಳ ಮೊದಲು ಹಸಿ ನೆಲದಲ್ಲಿ ಜಾರಿ ಬಿದ್ದು, ಪಕ್ಕೆ ಒಲೆಯ ಕಟ್ಟೆಗೆ ಬಡಿದಿತ್ತು. ಇಕ್ಬಾಲ್ ಬೇಗಂ ಉಪ್ಪಿನ ಕಾವು ಕೊಟ್ಟಿದ್ದಳು. ಮನೆಗೆ ಗೊತ್ತಾದರೆ ಕೆಲಸ ಬಿಡಿಸುತ್ತಾರೆಂದು ಇಬ್ಬರೂ ಬಾಯಿ ಮುಚ್ಚಿಕೊಂಡಿದ್ದರು.

ಮರುದಿನ ಟ್ರಂಕಿನಿಂದ ಫೈಲು ತೆಗೆದು ಇಬ್ಬರೂ ಕಲಬುರಗಿಯ ಬಸ್ಸು ಹತ್ತಿದರು. ಈ ಸಲ ಒಳಗೆ ಹೋಗಿ, ಬಿದ್ದದ್ದನ್ನು ಹೇಳಿದವಳು ವಿಮಲಾಬಾಯಿ. ಡಾಕ್ಟರಮ್ಮ ಚಿತ್ರವನ್ನು ಬೆಳಕಿಗೆ ಹಿಡಿದರು: ಅಕ್ಕಪಕ್ಕದ ಮೂರು ಎಲುಬು, ಒಂದರ ಕೆಳಗೊಂದು, ನೇರ ಸಾಲು. ಎಲುಬು ತನ್ನನ್ನು ತಾನು ರಿಪೇರಿ ಮಾಡಿಕೊಳ್ಳುವಲ್ಲೆಲ್ಲ ಸ್ಕ್ಯಾನಿಗೆ ಚುಚ್ಚಿದ ಔಷಧಿ ಸೇರುತ್ತದೆ, ಕಾರಣ ಕ್ಯಾನ್ಸರೋ ಪೆಟ್ಟೋ ಅದಕ್ಕೆ ತಿಳಿಯದು, ಇಂಥ ಸಾಲು ಹೆಚ್ಚಾಗಿ ಬಿದ್ದವರದು ಎಂದರು. ಅಂದೇ ಮಾಡಿಸಿದ ಸಿ.ಟಿ.ಯಲ್ಲಿ ಕಂಡದ್ದು ಕೂಡುತ್ತಿರುವ ಮೂರು ಬಿರುಕು, ಅಷ್ಟೇ.

ಸುದ್ದಿ ಕೇಳಿ ದೇವೀಂದ್ರಪ್ಪ ಒಂದು ಚಿಪ್ಪು ಕೆಂಪು ಬಾಳೆಹಣ್ಣು ತಂದ. ಕಣ್ಣಲ್ಲಿ ನೀರಿತ್ತು, ಸುಳ್ಳಿನದಲ್ಲ. ಅವಳು ಹಣ್ಣು ಮುಟ್ಟಲಿಲ್ಲ.

"ನೀ ಸುದ್ದಾ ಬಿದ್ದದ್ದು ಹೇಳಿಲ್ಲಲ್ಲ," ಎಂದ.

"ಹೌದು, ಹೇಳಿಲ್ಲ. ಸೌಟು ಕಸದು ನಿಮ್ಮ ತಂಗಿ ಕೈಗೆ ಕೊಡ್ತೀರಂತ ಅಂಜಿದ್ದೆ. ಕೊಟ್ರಿ."

ಕೆಲಸ ಮರಳಿ ಕೇಳಿದ್ದಕ್ಕೆ, ಹೊಸ ಆರ್ಡರು ಆಗಿಹೋಗಿದೆ, ತನ್ನ ಕೈಯಲ್ಲಿಲ್ಲ ಎಂದರು ಹೆಡ್‌ಮಾಸ್ತರರು. ಅಂಜನಾ ಸೌಟು ಬಿಡಲಿಲ್ಲ. ಸಾಂಬಾರಿನಲ್ಲಿ ಈಗ ಉಪ್ಪು ಸ್ವಲ್ಪ ಮುಂದೆಯೇ ಇರುತ್ತದೆಂದು ಇಕ್ಬಾಲ್ ಬೇಗಂ ಹೇಳುತ್ತಾಳೆ.

ಮುಂದಿನ ತಪಾಸಣೆಗೆ ಹೆಸರು ಕೂಗಿದಾಗ ದೇವೀಂದ್ರಪ್ಪ ರೂಢಿಯಂತೆ ಎದ್ದ. ವಿಮಲಾಬಾಯಿ ಫೈಲನ್ನು ತನ್ನ ಕಂಕುಳಿಗೆ ಸೇರಿಸಿ, ಬೆಂಚು ತೋರಿಸಿದಳು.

"ಕೂಡ್ರಿ. ಏನರೆ ಇದ್ರ ನಾ ಬಂದು ಹೇಳ್ತೀನಿ, ಹೇಳೂ ಹಂಗಿದ್ರ."