ಮುಸುಕಿನ ಒಳಗಿನ ಅಂಚು

2020ರಲ್ಲಿ ಎಲ್ಲರೂ ಮನೆಯೊಳಗೆ ಕೂತಿದ್ದಾಗ ನಾನೂ ಗೆಳತಿಯೂ ಒಂದು ಬ್ಯಾಂಡ್ ಶುರು ಮಾಡಿದೆವು. ಅವಳ ಮನೆ ಲಾಸ್ ಏಂಜಲೀಸ್‌ನ ವುಡ್‌ಲ್ಯಾಂಡ್ ಹಿಲ್ಸ್‌ನಲ್ಲಿ, ನನ್ನದು ಸ್ಯಾನ್ ಡಿಯಾಗೊ ಕಡೆಯ ಕಾರ್ಲ್ಸ್‌ಬಾಡ್‌ನಲ್ಲಿ. ಬ್ಲ್ಯಾಕ್ ಮೆಟಲ್ ಎಂಬ ಕರ್ಕಶ ರಾಕ್ ಸಂಗೀತದ ಚೀರಾಟ, ಅದರದೇ ನಿಧಾನದ ಬಗೆಯಾದ ಡೂಮ್‌ನ ಎಳೆದೆಳೆದು ನುಡಿಸುವ ಗಿಟಾರ್ ಅವಳದು. ಅವುಗಳ ಅಡಿಯಲ್ಲಿ ಕತ್ತಲೆಯ ಹಾಗೆ ಹರಡಿಕೊಳ್ಳುವ ನಾದ ನನ್ನದು. ಡಾರ್ಕ್ ಆಂಬಿಯೆಂಟ್ ಎನ್ನುತ್ತಾರೆ. ಸಂಗೀತ ಪಾಠದ ಕಾಲದ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆಯನ್ನು ಆದಷ್ಟು ಕೆಳಗಿಳಿಸಿ, ಪಂಚಮವನ್ನು ಕೂದಲೆಳೆಯಷ್ಟು ತಪ್ಪಿಸಿ ಅದನ್ನು ಹೊರಡಿಸುತ್ತಿದ್ದೆ.

ಹೆಸರು ಹಾಕದಿರುವುದು, ಮುಖ ತೋರಿಸದಿರುವುದು ಈ ಸಂಗೀತದವರಲ್ಲಿ ಹಲವರ ಪದ್ಧತಿ. ನನಗದು ಹಿಡಿಸಿತ್ತು. ಆಫೀಸಿನವರಿಗೂ ಕನ್ನಡ ಕೂಟದ ಆಂಟಿಯರಿಗೂ ಗೊತ್ತಾಗುವಂತಿರಲಿಲ್ಲ. ನನ್ನ ಕಪ್ಪು ರೇಷ್ಮೆ ಸೀರೆಯೊಂದನ್ನು ಕತ್ತರಿಸಿ ಇಬ್ಬರಿಗೂ ಮುಸುಕು ಹೊಲಿದೆ. ಜರಿಯ ಅಂಚು ಕಾಣದಂತೆ ಒಳಗೆ ಮಡಚಿದೆ.

ಮಗಳು ಹುಟ್ಟಿದ ಮೇಲೆ ಗೆಳತಿಯ ಮನೆಯವರೆಗೆ ಎರಡು ಗಂಟೆ ಡ್ರೈವ್ ಮಾಡಲಾಗಲಿಲ್ಲ. ನನ್ನ ಮುಸುಕೂ ಶ್ರುತಿಪೆಟ್ಟಿಗೆಯೂ ಅಲ್ಲೇ ಉಳಿದವು. ಸ್ಯಾನ್ ಡಿಯಾಗೊದಲ್ಲಿ ಭಾನುವಾರ ಮಧ್ಯಾಹ್ನ ನಮ್ಮ ಷೋ ಇದೆಯೆಂದು ನನಗೆ ತಿಳಿದದ್ದು ಪೋಸ್ಟರಿನಿಂದ. ಹೋದೆ.

ಸಣ್ಣ ಹಾಲ್. ವೇದಿಕೆಯ ಮೇಲೆ ಇಬ್ಬರಿದ್ದರು. ಪೆಟ್ಟಿಗೆಯ ಹಿಂದೆ ಕೂತವಳು ಮುಸುಕನ್ನು ತಿರುವುಮುರುವಾಗಿ ಹಾಕಿಕೊಂಡಿದ್ದಳು. ದೀಪ ಬಿದ್ದಾಗಲೆಲ್ಲ ನನ್ನ ಜರಿ ಹೊಳೆಯುತ್ತಿತ್ತು. ಅವಳು ಎಡವಲಿ ಎಂದು ಕಾದೆ. ಪಂಚಮ ನಾನು ತಪ್ಪಿಸುತ್ತಿದ್ದಷ್ಟೇ ತಪ್ಪಿತು. ಆಮೇಲೆ ಅದನ್ನು ಇನ್ನೂ ಸ್ವಲ್ಪ ಕೆಳಗೆ, ನಾನೆಂದೂ ಯೋಚಿಸಿರದ ಜಾಗಕ್ಕೆ ಜಾರಿಸಿದಳು. ಚೆನ್ನಾಗಿತ್ತು. ಅದನ್ನೇ ನನಗೆ ಸಹಿಸಲಾಗಲಿಲ್ಲ.

ಮುಗಿದ ಮೇಲೆ ಒಬ್ಬರು ನಮ್ಮ ಮೊದಲ ಕ್ಯಾಸೆಟ್ ಹಿಡಿದು ಅವಳ ಹತ್ತಿರ ಹೋಗಿ ಬಹಳ ಹೊಗಳಿದರು. ಅದರಲ್ಲಿ ನುಡಿಸಿದ್ದು ನಾನು. ಅವಳು ಮುಸುಕಿನೊಳಗಿನಿಂದಲೇ ತಲೆಬಾಗಿದಳು.

ಗೆಳತಿ ಪಾರ್ಕಿಂಗ್‌ವರೆಗೂ ನನ್ನ ಹಿಂದೆ ಬಂದಳು, ಕೈಯಲ್ಲಿ ಆ ಮುಸುಕು.

"ಹೇಳ್ಬೇಕು ಅಂತಿದ್ದೆ ಕಣೇ."

"ನನ್ನ ಜಾಗಕ್ಕೆ ಬೇರೆಯವಳನ್ನ ಕೂರಿಸಿದ್ಯಲ್ಲೇ?"

"ಯಾರಿಗೂ ಗೊತ್ತೇ ಆಗಿಲ್ಲ. ಮೊದ್ಲಿಂದ ಇದ್ದವಳೇ ಅಂದ್ಕೊಂಡಿದಾರೆ ಎಲ್ಲ."

ಸಮಾಧಾನ ಮಾಡಲೆಂದೇ ಹಾಗೆ ಹೇಳಿದಳು. ಆಮೇಲೆ ಮುಸುಕು ಚಾಚಿದಳು. "ಇದು ಅವಳಿಗೆ ಬಿಗಿ ಆಗುತ್ತೆ. ಸ್ವಲ್ಪ ಬಿಚ್ಚಿ ದೊಡ್ಡದು ಮಾಡ್ಕೊಡ್ತೀಯಾ?"

ನಾನು ವಾಪಸು ಬರುವುದು ಯಾವಾಗ ಎಂದು ಕೇಳಲು ಬಾಯಿ ತೆರೆದಿದ್ದೆ. ಮುಸುಕು ತೆಗೆದುಕೊಂಡೆ.

"ಅಂಚು ಒಳಗಿರ್ಬೇಕು ಅಂತ ಹೇಳು ಅವಳಿಗೆ," ಎಂದೆ.

ಕಾರ್ಲ್ಸ್‌ಬಾಡ್ ಮುಟ್ಟುವವರೆಗೂ ಅದು ಪಕ್ಕದ ಸೀಟಿನಲ್ಲಿತ್ತು. ಬೆವರಿಗೆ ಇನ್ನೂ ಒದ್ದೆಯಾಗಿತ್ತು, ಬೇರೆ ಯಾರದೋ ಶಾಂಪೂ ವಾಸನೆ.